ಗಿರಿಜಕ್ಕನ ತಲೆಕೆಳಗಾದ ಪರದೆ

ಮೇಜಿನ ಈಚೆ ಕೂತು ನಾನು ಎರಡು ಸಲ ಓದಿ ಮುಗಿಸಿದ ಪ್ರೂಫನ್ನು ಗಿರಿಜಕ್ಕ ಆಚೆ ಬದಿಯಲ್ಲಿ ನಿಂತು, ಚಹಾದ ಗ್ಲಾಸು ಹಿಡಿದುಕೊಂಡೇ ಓದಿಬಿಡುತ್ತಿದ್ದರು. ಮೂರನೇ ಸಾಲಲ್ಲಿ ಒಂದು ಒತ್ತು ಬಿಟ್ಟುಹೋಗಿದೆ ನೋಡಿ ಎಂದು ಬೆರಳಿಡುವರು. ಹೋಗಿಯೇ ಇರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೈಕುಲ್ಲಾದ ಆ ಕನ್ನಡ ಪ್ರೆಸ್ಸಿನಲ್ಲಿ ಅವರು ಇಪ್ಪತ್ತು ವರ್ಷದಿಂದ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಉಡುಪಿ ಕಡೆಯವರು, ಮನೆ ದಹಿಸರಿನಲ್ಲಿ. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದಲ್ಲ, ಅದನ್ನು ಓದಿ ಓದಿ ಅವರ ಕಣ್ಣಿಗೆ ಉಲ್ಟಾ ಸೀದಾ ಎಂಬ ಭೇದವೇ ಉಳಿದಿರಲಿಲ್ಲ. ನಾನೋ ಮೈಸೂರಿನವನು. ಆರು ತಿಂಗಳ ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಪ್ರೆಸ್ಸಿನ ಮಾಲೀಕ ಸೇಠ್ ಮೊಳೆಗಳನ್ನೆಲ್ಲ ತೂಕಕ್ಕೆ ಮಾರಿ ಒಂದು ಕಂಪ್ಯೂಟರ್ ತಂದಾಗ, ಇನ್ನು ನನ್ನ ಕಾಲ ಬಂತು ಅಂದುಕೊಂಡೆ.

ಅದರ ಮಾನಿಟರನ್ನು ಅಡ್ಡಕ್ಕೂ ಇಡಬಹುದು, ಉದ್ದಕ್ಕೂ ನಿಲ್ಲಿಸಬಹುದು. ಯಕ್ಷಗಾನದ ಹ್ಯಾಂಡ್‌ಬಿಲ್ಲುಗಳು ಮಾರುದ್ದ ಇರುತ್ತಿದ್ದವು, ಉದ್ದಕ್ಕೆ ನಿಲ್ಲಿಸಿದರೆ ಇಡೀ ಪುಟ ಕಾಣುವುದು. ಮಾನಿಟರ್ ತಿರುಗಿಸಿದರೆ ಸಾಲದು, ಒಳಗಿನ ಚಿತ್ರವನ್ನೂ ತಿರುಗಿಸಬೇಕು. ಅದಕ್ಕೆ ನಾಲ್ಕು ದಿಕ್ಕಿನ ಪಟ್ಟಿಯೊಂದಿತ್ತು. ಪುಸ್ತಕ ಓದಿ ಅದನ್ನು ಕಲಿತವನು ನಾನೊಬ್ಬನೇ. ಸೇಠ್ ಹೇಳಿದ್ದರೆಂದು ಗಿರಿಜಕ್ಕನಿಗೆ ಮಿಕ್ಕದ್ದೆಲ್ಲ ಕಲಿಸಿದೆ. ಇದೊಂದನ್ನು ಕಲಿಸಲಿಲ್ಲ. ಒಂದೇ ತಿಂಗಳಿಗೆ ಅವರ ಬೆರಳು ನನ್ನದನ್ನು ಹಿಂದೆ ಹಾಕಿತು. ಮೌಸೇ ಸರಿಯಿಲ್ಲ ಎಂದು ನಾನು ಗೊಣಗಿದರೆ, ಕುಣಿಯಲಾರದವರಿಗೆ ನೆಲ ಡೊಂಕು ಮಾರಾಯ್ರೆ ಎಂದು ನಗುತ್ತಿದ್ದರು.

ಕಂಪ್ಯೂಟರಿನ ಮುಂದೆ ಇರುವುದು ಒಂದೇ ಕುರ್ಚಿ. ಇಬ್ಬರೂ ಒಂದೊಂದು ಹ್ಯಾಂಡ್‌ಬಿಲ್ಲು ಮಾಡಿ ತೋರಿಸಿ, ಗೆದ್ದವರು ಕೂರಲಿ, ಸೋತವರು ಡೆಲಿವರಿಗೆ ಓಡಾಡಲಿ ಎಂದರು ಸೇಠ್. ನಾನು ಶನಿವಾರವೇ ನನ್ನದನ್ನು ಮುಗಿಸಿದೆ. ಎದ್ದು ಹೋಗುವಾಗ ಯಾರೂ ಇರಲಿಲ್ಲ. ಸೋಮವಾರ ಅವರ ಸರದಿ. ಆ ಪಟ್ಟಿ ತೆರೆದು ಪರದೆಯ ಚಿತ್ರವನ್ನು ಪೂರ್ತಿ ತಲೆಕೆಳಗು ಮಾಡಿಟ್ಟೆ. ಹೊಟ್ಟೆಕಿಚ್ಚು ಕಣ್ಣಿಗೆ ಪರದೆ ಕಟ್ಟುತ್ತದೆ ನೋಡಿ, ಯಾರಿಗೆ ಈ ಏಟು ಕೊಡುತ್ತಿದ್ದೇನೆ ಎಂಬುದೇ ನನಗೆ ಹೊಳೆಯಲಿಲ್ಲ.

ಸೋಮವಾರ ಗಿರಿಜಕ್ಕ ಕೂತರು. ಪರದೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಮೌಸಿನ ಬಾಣ ಎಡಕ್ಕೆಂದರೆ ಬಲಕ್ಕೆ ಓಡಿತು. ಅವರು ಮೌಸನ್ನೇ ಹಿಂದುಮುಂದಾಗಿ ತಿರುಗಿಸಿ, ಅದರ ಬಾಲ ತಮ್ಮ ಕಡೆಗಿಟ್ಟುಕೊಂಡು, ಸೆರಗು ಸಿಕ್ಕಿಸಿ ಕೆಲಸಕ್ಕಿಳಿದರು. ಮಧ್ಯಾಹ್ನದೊಳಗೆ ಹ್ಯಾಂಡ್‌ಬಿಲ್ಲು ತಯಾರು. ಒಂದೇ ಒಂದು ತಪ್ಪಿಲ್ಲ. ನನ್ನದರಲ್ಲಿ ಆಟ ನಡೆಯುವ ಜಾಗವೇ ಬಿಟ್ಟುಹೋಗಿತ್ತು, ಅದನ್ನು ಕಂಡುಹಿಡಿದವರೂ ಅವರೇ.

ಪರದೆ ಯಾಕೆ ಹೀಗಿದೆ, ಯಾರ ಕಿತಾಪತಿ ಇದು ಎಂದು ಸೇಠ್ ಗದರಿದರು.

"ನಾನೇ ಮಾಡಿಸಿಕೊಂಡದ್ದು ಸೇಠ್," ಎಂದರು ಗಿರಿಜಕ್ಕ. "ಮೊಳೆಯ ಅಭ್ಯಾಸ. ನನಗೆ ಹೀಗೆಯೇ ಆರಾಮ."

ಕುರ್ಚಿ ಅವರದಾಯಿತು. ನನ್ನನ್ನು ಕಾಪಾಡಿದರಲ್ಲ ಎಂದು ಕಣ್ಣೀರು ಬಂತೆಂದುಕೊಂಡಿರಾ? ಇಲ್ಲ, ಇನ್ನಷ್ಟು ಉರಿಯಿತು. ನಾನು ಹ್ಯಾಂಡ್‌ಬಿಲ್ಲಿನ ಕಟ್ಟು ಹೊತ್ತು ಲೋಕಲ್ ರೈಲಿನಲ್ಲಿ ನೇತಾಡುವಾಗ ಈಕೆ ಉಲ್ಟಾ ಪರದೆಯ ಮುಂದೆ ರಾಣಿಯ ಹಾಗೆ ಕೂತಿದ್ದಾರಲ್ಲ! ನೋಡಲು ಬಂದ ಗಿರಾಕಿಗಳೂ ಮೂಗಿನ ಮೇಲೆ ಬೆರಳಿಡುತ್ತಿದ್ದರು. ನಾಲ್ಕು ತಿಂಗಳು ಸಹಿಸಿ, ಗ್ರಾಂಟ್ ರೋಡಿನಲ್ಲಿ ಬೇರೆ ಕೆಲಸ ಹಿಡಿದೆ.

ಕೊನೆಯ ದಿನ ಸೇಠ್ ಊಟಕ್ಕೆ ಹೋದ ಹೊತ್ತಿನಲ್ಲಿ ಗಿರಿಜಕ್ಕ ಕರೆದರು. ಬೀಳ್ಕೊಡಲು ಇರಬೇಕು ಅಂದುಕೊಂಡೆ. ಅವರು ಕುತ್ತಿಗೆ ನೀವಿಕೊಳ್ಳುತ್ತ, ದನಿ ತಗ್ಗಿಸಿ ಹೇಳಿದರು:

"ಹೋಗುವ ಮೊದಲು ಇದನ್ನೊಂದು ಸೀದಾ ಮಾಡಿಕೊಡಿ ಮಾರಾಯ್ರೆ. ನನಗೆ ಮಾಡಲಿಕ್ಕೆ ಗೊತ್ತಿಲ್ಲ. ರಾತ್ರಿ ಮಲಗಿದರೆ ತಲೆ ತಿರುಗ್ತದೆ."

ಅರ್ಧ ನಿಮಿಷದ ಕೆಲಸ. ಮಾಡಿಕೊಟ್ಟೆ. ಕ್ಷಮೆ ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಮೌಸನ್ನು ನೆಟ್ಟಗಿಟ್ಟುಕೊಂಡು ಕೆಲಸ ಶುರುಮಾಡಿದ್ದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.