ಹನ್ನೊಂದಕ್ಕೆ ಒಂದು ವಾಕ್ಯ

ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರ ಅರ್ಧಕ್ಕೇ ನಿಂತು, ಪುಟ್ಟ ಕಿಟಕಿಯಲ್ಲಿ ಒಂದು ಸಂಖ್ಯೆ ತೋರಿಸಿ ಸುಮ್ಮನಾಯಿತು. ಒಳಗೆ ನೀರಿನಲ್ಲಿ ಮುಳುಗಿದ ಹೊದಿಕೆ, ಹೊರಗೆ ಸಂಖ್ಯೆಯನ್ನು ದಿಟ್ಟಿಸುತ್ತ ನಿಂತ ನಾನು. ನಿಮಗೂ ಹೀಗಾಗಿರುತ್ತದೆ. ನಿಂತದ್ದಕ್ಕೆ ಅಷ್ಟು ಕೋಪ ಬರುವುದಿಲ್ಲ. ಏನಾಯಿತೆಂದು ಬಾಯಿಬಿಟ್ಟು ಹೇಳುವುದಿಲ್ಲವಲ್ಲ, ಅದಕ್ಕೆ ಬರುತ್ತದೆ. ಆದರೂ ನಾನು ಬಯ್ಯುವ ಹಾಗಿಲ್ಲ. ಇಂಥ ಸಂಖ್ಯೆಗೆ ಮಾತು ಕೊಡುವ ಕೆಲಸ ಒಮ್ಮೆ ನನ್ನ ಕೈಗೇ ಬಂದಿತ್ತು.

ಎಂಬತ್ತರ ದಶಕದ ಕೊನೆ. ಬಸವೇಶ್ವರನಗರದಲ್ಲಿ ನಮ್ಮದು ಬಾಡಿಗೆ ಮನೆ. ನಮ್ಮವರು ಆಫೀಸುಗಳಿಗೆ ಕಂಪ್ಯೂಟರ್ ಹಾಕಿಕೊಟ್ಟು, ಅದಕ್ಕೆ ಪ್ರೋಗ್ರಾಮು ಬರೆಯುವ ಕೆಲಸದಲ್ಲಿದ್ದರು. ಊರಿಗೆಲ್ಲ ಕಂಪ್ಯೂಟರ್ ಹಾಕುವವರ ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಮನೆ ಪದ್ಮಮ್ಮನವರ ಹಾಲ್‌ನಲ್ಲಿತ್ತು, ಕಸೂತಿ ಬಟ್ಟೆ ಹೊದ್ದುಕೊಂಡು. ನಮ್ಮವರಿಗೆ ಬರುವ ಕರೆಗಳೆಲ್ಲ ಅಲ್ಲಿಗೇ; ಅವರು ಸ್ಕೂಟರಿನ ಮೇಲೆ ಸುತ್ತುತ್ತಿದ್ದರಿಂದ ತೆಗೆದುಕೊಳ್ಳುವವಳು ನಾನು.

ಹೆಚ್ಚಾಗಿ ಮಾಡುತ್ತಿದ್ದವಳು ಸರೋಜ. ವಿಜಯನಗರದ ಒಂದು ಸಂಘದಲ್ಲಿ ಸದಸ್ಯರ ಹೆಸರು, ವಿಳಾಸಗಳನ್ನು ಕಂಪ್ಯೂಟರಿಗೆ ಹಾಕುವುದಕ್ಕೆಂದು ಅವಳನ್ನು ಟಪಾಲು ವಿಭಾಗದಿಂದ ಕರೆತಂದು ಕೂರಿಸಿದ್ದರು. ಯಾರನ್ನೂ ಕೇಳದೆ ನಡೆಸಲು ಬಾರದಿದ್ದರೆ ಬೇರೆಯವರನ್ನು ತರುತ್ತೇನೆಂದು ಕಾರ್ಯದರ್ಶಿಗಳು ಹೇಳಿಬಿಟ್ಟಿದ್ದರು. ಪ್ರೋಗ್ರಾಮು ನಡುವೆ ಸತ್ತರೆ ಆ ಯಂತ್ರ ಕಾರಣ ಹೇಳುತ್ತಿರಲಿಲ್ಲ; ಸಿಗ್ನಲ್ ಎಂದು ಒಂದು ಸಂಖ್ಯೆ ತೋರಿಸುತ್ತಿತ್ತು. ಒಂದು ಎಂದರೆ ಲೈನ್ ಕಡಿಯಿತು, ಹದಿನೈದು ಎಂದರೆ ಯಾರೋ ನಿಲ್ಲಿಸು ಎಂದರು, ಹನ್ನೊಂದು ಎಂದರೆ ಪ್ರೋಗ್ರಾಮು ಯಂತ್ರದ ನೆನಪಿನಲ್ಲಿ ತನ್ನದಲ್ಲದ ಜಾಗಕ್ಕೆ ಕೈ ಹಾಕಿತು. ಸಂಖ್ಯೆ ಕಂಡ ಕೂಡಲೇ ಸರೋಜ ಫೋನಿಗೆ ಓಡುತ್ತಿದ್ದಳು.

ಪದ್ಮಮ್ಮನವರು ಕಾಂಪೌಂಡಿನ ಮೇಲಿಂದ ಕರೆಯುತ್ತಿದ್ದರು: “ಬಾರೇ, ಆ ಹುಡುಗಿಗೆ ಮತ್ತೆ ಹನ್ನೊಂದು ಬಂದಿದೆಯಂತೆ.” ಬೀದಿಯವರು ಜ್ವರವೆಂದುಕೊಳ್ಳಬೇಕು, ಹಾಗೆ.

ನಾನು ಕೈ ಒರೆಸಿಕೊಂಡು ಓಡಿ, ನಮ್ಮವರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದೆ: “ಪ್ರೋಗ್ರಾಮು ಬೇರೆ ಕಡೆ ಕೈ ಹಾಕಿ ನಿಂತಿದೆ. ತಪ್ಪು ನಿಮ್ಮದಲ್ಲ. ಕೊನೇ ಹೆಸರು ಮತ್ತೆ ಹಾಕಿ.” ಡಿಗ್ರಿ ಮುಗಿಸದ ನನಗೆ ಆ ಗತ್ತು ಬಹಳ ಹಿಡಿಸಿತ್ತು. ಅದರ ಹುರುಪಿನಲ್ಲಿ ಒಲೆಯ ಮೇಲಿನ ಬೇಳೆ ತಳಹಿಡಿದದ್ದೂ ಉಂಟು.

ಈ ಫೋನುಗಳ ಸುದ್ದಿ ಕಾರ್ಯದರ್ಶಿಗಳಿಗೆ ಮುಟ್ಟಿತು; ಒಂದು ದಿನ ತಾವೇ ಪಕ್ಕದಲ್ಲಿ ಕೂತು ಅವಳ ಕೆಲಸ ನೋಡಿ ತೀರ್ಮಾನಿಸುತ್ತೇನೆಂದರಂತೆ. ನಮ್ಮವರು ಎಂದರು: “ಸಂಖ್ಯೆ ಬದಲು ಒಂದು ವಾಕ್ಯ ತೋರಿಸೋ ಹಾಗೆ ಮಾಡ್ತೀನಿ. ವಾಕ್ಯ ನೀನು ಬರ್ಕೊಡು. ಕಾನ್ವೆಂಟ್ ಇಂಗ್ಲಿಷು ನಿಂದೇ ತಾನೆ.”

ಅಷ್ಟು ಸಾಕಾಯಿತು. ಪತ್ರಲೇಖನದಲ್ಲಿ ಬಹುಮಾನ ಪಡೆದವಳು ನಾನು. ಸಿಸ್ಟರ್ ಕಲಿಸಿದ ವಿನಯವನ್ನೆಲ್ಲ ಸುರಿದು ಬರೆದೆ. ಹನ್ನೊಂದಕ್ಕಂತೂ “ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು” ಎಂದು ಶುರುಮಾಡಿ, ಅಲ್ಪವಿರಾಮಗಳನ್ನು ಒಂದೊಂದೇ ದಾಟಿ, ಉಸಿರು ಕಟ್ಟುವ ಹೊತ್ತಿಗೆ ವಿಷಯಕ್ಕೆ ಬಂದಿದ್ದೆ. ನಮ್ಮವರು ಓದಿ, ನನ್ನ ಮುಖ ನೋಡಿ, ಹಾಗೇ ಹಾಕಿಬಿಟ್ಟರು. ಒಂದು ಸಾಲಿಗಿಂತ ಹೆಚ್ಚಾದದ್ದು ಪರದೆಯಲ್ಲಿ ಕಾಣುವುದಿಲ್ಲ ಎಂದು ಹೇಳಲು ಮರೆತರಂತೆ.

ಎರಡು ದಿನಕ್ಕೆ ಸರೋಜಳ ಫೋನು.

“ಅಕ್ಕಾ, ನನ್ನ ತೆಗೆದುಬಿಟ್ರಾ?”

“ಯಾರಮ್ಮಾ ತೆಗೆದಿದ್ದು?”

“ವಿ ರಿಗ್ರೆಟ್ ಅಂತ ಬಂದಿದೆ. ಮಿಕ್ಕಿದ್ದು ಅರ್ಧಕ್ಕೇ ನಿಂತಿದೆ. ಇಂಟರ್‌ವ್ಯೂಗೆ ಹೋದ ಕಡೆಯಿಂದೆಲ್ಲ ಹಿಂಗೇ ಬರ್ತಿತ್ತು, ಗೊತ್ತು ನಂಗೆ. ಸಾಹೇಬ್ರು ಎದುರಿಗೇ ಹೇಳ್ಬೋದಿತ್ತು. ಈ ಡಬ್ಬದ ಕೈಲಿ ಹೇಳಿಸ್ತಾರಾ?”

ಬ್ಯಾಗು ಹೆಗಲಿಗೆ ಹಾಕಿಕೊಂಡೇ ಫೋನ್ ಮಾಡಿದ್ದಳಂತೆ. “ಕೂತ್ಕೊಳ್ಳಿ, ಅದು ನಾನೇ ಬರೆದಿದ್ದು” ಎನ್ನುವಾಗ ನನ್ನ ಬಹುಮಾನದ ಇಂಗ್ಲಿಷು ಎಲ್ಲಿ ಅಡಗಿತ್ತೋ. ಎಂದಿನ ಮಾತನ್ನೇ ಮತ್ತೆ ಹೇಳಿದೆ. ಬ್ಯಾಗು ಮೇಜಿನ ಮೇಲೆ ಕೂತ ಸದ್ದು ಕೇಳಿಸಿತು.

ಅವರೆಕಾಯಿ ಬಿಡಿಸುತ್ತಿದ್ದ ಪದ್ಮಮ್ಮನವರು ತಲೆ ಎತ್ತದೆ ಅಂದರು: “ಬಾಯಲ್ಲಿ ಇಷ್ಟು ಚೆನ್ನಾಗಿ ಹೇಳ್ತೀಯ. ಬರೆಯೋಕೆ ಕೂತ್ರೆ ಯಾಕೇ ದೊರೆಸಾನಿ ಆಗ್ತೀಯ?”

ಅಂದು ಸಂಜೆ ಎಲ್ಲವನ್ನೂ ಹೊಡೆದುಹಾಕಿ, ಫೋನಿನಲ್ಲಿ ಆಡುವ ಮಾತನ್ನೇ ಬರೆದೆ. ಆ ಯಂತ್ರಕ್ಕೆ ಕನ್ನಡ ಲಿಪಿ ಬಾರದು. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಕೂರಿಸಿದೆ. ನಮ್ಮವರು ಒಂದೊಂದಾಗಿ ಅಕ್ಷರ ಎಣಿಸಿ, ಈ ಸಲ ಸಾಲಿಗೆ ಹಿಡಿಸುತ್ತದೆ ಎಂದರು.

ಮುಂದಿನ ವಾರ ಕಾರ್ಯದರ್ಶಿಗಳು ಸರೋಜಳ ಪಕ್ಕ ಕುರ್ಚಿ ಹಾಕಿಕೊಂಡು ಅವಳ ಕೆಲಸ ನೋಡುವ ದಿನ. ನಾನು ಬೇಗನೆ ಅಡುಗೆ ಮುಗಿಸಿ ಪದ್ಮಮ್ಮನವರ ಹಾಲ್‌ನಲ್ಲಿ ಹಾಜರು. ಅವರ ಅಕ್ಕಿ ಆರಿಸಿದೆ, ಕೇಳದಿದ್ದರೂ ಹೂ ಕಟ್ಟಿಕೊಟ್ಟೆ. ಫೋನು ಉಸಿರೆತ್ತಲಿಲ್ಲ. ಹುಡುಗಿ ಹೆದರಿ ಎದ್ದುಹೋದಳೋ ಏನೋ ಎಂಬ ದಿಗಿಲು. ಅದರ ಅಡಿಯಲ್ಲಿ ಇನ್ನೊಂದಿತ್ತು, ಹೇಳಿಕೊಳ್ಳಲು ನಾಚಿಕೆ: ಒಂದೇ ಒಂದು ಸಲ ನನ್ನನ್ನು ಕೇಳಬಾರದೇ ಎಂಬ ಆಸೆ.

ಸಂಜೆ ನಮ್ಮವರು ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಲೇ ಹೇಳಿದರು: “ಸಾಹೇಬ್ರ ಮುಂದೇನೇ ಹನ್ನೊಂದು ಬಂತಂತೆ. ಸರೋಜ ಓದಿದ್ಲು, ಹೆಸರು ಹಾಕಿದ್ಲು, ಮುಂದಕ್ಕೆ ಹೋದ್ಲು. ಅವಳನ್ನೇ ಇಟ್ಕೊಂಡ್ರು.”

ಆಮೇಲೆ ಆ ಆಫೀಸಿನಿಂದ ಫೋನು ಬರುವುದು ನಿಂತೇಹೋಯಿತು. ಕೆಲವು ದಿನ ಕಾಂಪೌಂಡಿನ ಕಡೆ ಕಿವಿ ಕೊಟ್ಟುಕೊಂಡೇ ಒಗ್ಗರಣೆ ಹಾಕಿದೆ.

ಈಗ ನಮ್ಮ ಮನೆಯಲ್ಲಿ ತಲೆಗೊಂದು ಫೋನು. ಕೆಂಗೇರಿಯಲ್ಲಿರುವ ಮಗಳು ವಾರಗಟ್ಟಲೆ ಮಾಡುವುದಿಲ್ಲ. ಮುನಿಸಿಕೊಳ್ಳಲು ಹೊರಟವಳು ಸ್ವಲ್ಪ ತಡೆಯುತ್ತೇನೆ. ನನ್ನನ್ನು ಕೇಳದೆಯೇ ಅವಳಿಗೆ ಎಲ್ಲ ನಡೆಯುತ್ತಿದೆ ಎಂದಲ್ಲವೇ. ಒಂದು ಗಳಿಗೆ ಸಮಾಧಾನವಾಗುತ್ತದೆ. ಆಮೇಲೆ ನಾನೇ ಮಾಡಿಬಿಡುತ್ತೇನೆ.