ನೆರೆಯ ಮಾಳಿಗೆಯಲ್ಲಿ ಅಕ್ಕೋರು ಹೇಳಿದ ಗವಿಯ ಪಾಠ

ಬಿಸಿಲಿಗೆ ಬಂದರೆ ಅಕ್ಕೋರ ಕಣ್ಣು ಕಿರಿದಾಗಿ ನೀರು ಸುರಿಯುತ್ತಿತ್ತು. ಅದಕ್ಕೇ ಸೆರಗನ್ನು ಹಣೆಯ ಮೇಲೆ ಚಾಚಿಕೊಂಡು ನಡೆಯುತ್ತಿದ್ದರು. ರಬಕವಿಯ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರೂ ಪಾಠ ಹೇಳುವ ಚಟ ಹೋಗಿರಲಿಲ್ಲ. ಗೋಡೆಯ ಮೇಲೆ ಹಲ್ಲಿ ಕಂಡರೂ "ಇದರ ಕಾಲ ನೋಡಬಾ ಇಲ್ಲೆ" ಎಂದು ನನ್ನನ್ನು ಕರೆಯುತ್ತಿದ್ದರು. ಕೃಷ್ಣೆಯ ದಂಡೆಯ ನಮ್ಮ ಓಣಿಯಲ್ಲಿ ಮಾಳಿಗೆಯ ಮೇಲೊಂದು ಕೋಣೆಯಿದ್ದದ್ದು ಅವರ ಮನೆಗೆ ಮಾತ್ರ.

ಆ ಶ್ರಾವಣದಲ್ಲಿ ಹೊಳೆ ಓಣಿಗೆ ನುಗ್ಗಿತು. ನನ್ನ ಗಂಡ ಮಗ್ಗಕ್ಕೆ ನೂಲು ತರಲು ಪರವೂರಿಗೆ ಹೋಗಿದ್ದರು. ಮಗಳಿನ್ನೂ ಎದೆಹಾಲಿನ ಕೂಸು. ಅತ್ತೆ, ನಾನು, ಕೂಸು ಅಕ್ಕೋರ ಮಾಳಿಗೆ ಏರಿದೆವು. ಅವರ ಅಡಿಗೆಮನೆ ಮುಳುಗಿತ್ತು. ಮೇಲೆ ಉಳಿದದ್ದು ಒಣಗಿಸಿಟ್ಟ ಒಂದಿಷ್ಟು ಕಟಕ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಕೊಡ ನೀರು.

ಅಂದು ದೋಣಿ ಬರಲಿಲ್ಲ. ಮರುದಿನವೂ ಇಲ್ಲ. ನೀರು ಒಂದೊಂದೇ ಮೆಟ್ಟಿಲು ನುಂಗುತ್ತಿತ್ತು. ಅತ್ತೆ ಮಾಳಿಗೆಯ ತುಂಬ ಓಡಾಡುತ್ತ ಕೂಗುತ್ತಿದ್ದರು. ನನಗೆ ಒಂದೇ ದಿಗಿಲು: ಹಾಲು ಬತ್ತಿದರೆ?

ಅಕ್ಕೋರು ಅತ್ತೆಯ ಕೈಹಿಡಿದು ಕೂರಿಸಿದರು. "ಸುಮ್ಮ ಕುಂದರ್ರಿ ವೈನಿ. ಗವಿಯೊಳಗಿನ ನೀರಾಗ ಒಂದು ಪ್ರಾಣಿ ಇರತೈತಿ, ಹಲ್ಲಿಯಂಗ. ಕಣ್ಣ ಕಾಣಂಗಿಲ್ಲ. ವರ್ಷಗಟ್ಟಲೆ ತಿನ್ನದ ಬದುಕತೈತಿ."

"ಅದ್ಹೆಂಗ್ರಿ?" ಎಂದರು ಅತ್ತೆ.

"ಸಿಕ್ಕಾಗ ತಿಂದದ್ದು ಮೈಯಾಗ ಕೂಡಿಟ್ಟಿರತೈತಿ. ಸಿಗದಾಗ ಅಳ್ಳಾಡದ ಬಿದ್ದಿರತೈತಿ. ಒಳಗಿನ ಕೆಲಸ ಎಲ್ಲಾ ನಿಧಾನ, ಹಂಗಾಗಿ ಖರ್ಚ ಕಡಿಮಿ. ಓಡ್ಯಾಡಿದ್ರ ಹಸಿವು ಜಾಸ್ತಿ. ಬರ್ರಿ, ನಾವೂ ಮಲಗೂಣು."

ಅತ್ತೆ ಮಲಗಿದರು. ನಾನೂ ರೊಟ್ಟಿ ಮುಟ್ಟದೆ ಕೂಸಿನ ಪಕ್ಕ ಒರಗಿದೆ. ಅಕ್ಕೋರು ಗದರಿದರು.

"ನಿನಗಲ್ಲ ಆ ಪಾಠ! ಇನ್ನೊಂದು ಜೀವಕ್ಕ ಹಾಲ ಕೊಡಾಕಿ ನೀ. ಏಳು, ತಿನ್ನು."

"ನೀವ್ರೀ?"

"ನಂದು ಆತು."

ಕೇಳಿದಾಗಲೆಲ್ಲ ಅದೇ ಉತ್ತರ. ನಾನು ನಂಬಿದೆ. ನಂಬುವುದು ನನಗೂ ಬೇಕಾಗಿತ್ತು. ನೀರು ಮಾಳಿಗೆಯ ಬಾಗಿಲಿಗೆ ಇನ್ನೇನು ತಾಕಬೇಕು ಅನ್ನುವಾಗ ದೋಣಿ ಬಂತು. ಕೊನೆಗೆ ಹತ್ತಿದ ಅಕ್ಕೋರ ಕಾಲು ಕುಸಿಯಿತು. ಇಬ್ಬರು ಎತ್ತಿ ಮಲಗಿಸಬೇಕಾಯಿತು. ಆಗ ಅತ್ತೆ ಅತ್ತುಬಿಟ್ಟರು: "ತಮ್ಮ ಪಾಲಿಂದು ನಿನ್ನ ರೊಟ್ಟಿಯಾಗ ಕೂಡಿಸಿ ಇಡಾಕತ್ತಿದ್ರು. ಹೇಳಬ್ಯಾಡ್ರಿ ಅಂದಿದ್ರವಾ."

ಅಕ್ಕೋರು ಚೇತರಿಸಿಕೊಂಡರು. ಆಮೇಲೆ ಆ ಮಾತೆತ್ತಿದರೆ "ನಾ ಮಲಗಿದ್ದೆ, ನನಗೇನ ಬೇಕಾಗಿತ್ತು" ಎಂದು ನಗುತ್ತಿದ್ದರು.

ಹೋದ ವರ್ಷ ಜಮಖಂಡಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಈಗ ಸಾಲೆಗೆ ಹೋಗುವ ಮಗಳು ಅವರ ಫೋಟೋ ನೋಡಿ, ಇವರು ನಮಗೆ ಏನಾಗಬೇಕು ಎಂದು ಕೇಳುತ್ತಾಳೆ. ನೆರೆ ಬಂದಾಗ ನೀನು ಕುಡಿದ ಹಾಲು, ಇವರು ತಿನ್ನದೆ ಬಿಟ್ಟ ರೊಟ್ಟಿ ಎನ್ನುತ್ತೇನೆ.