ಬೋರಲು ಹಾಕಿದ ಕಲ್ಲು

ಐವತ್ತರ ದಶಕದಲ್ಲಿ ನಾನು ರಾಜೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ನಮ್ಮ ಪಡಸಾಲೆಯಲ್ಲಿ ಮನುಷ್ಯರಿಗಿಂತ ಕಲ್ಲುಗಳೇ ಹೆಚ್ಚಿದ್ದವು. ಮಾವ ಎರೆಹೊಲದಲ್ಲಿ ಒಕ್ಕಲುತನ ಮಾಡುವವರು. ಜೋಳ ಮಾರಲು ರೋಣಕ್ಕೆ ಚಕ್ಕಡಿ ಹೂಡಿದರೆ ಖಾಲಿ ಬಂದವರಲ್ಲ. ಯಾರದೋ ಹಿತ್ತಲಲ್ಲಿ ಬಿದ್ದ ವೀರಗಲ್ಲಿನ ತುಂಡು, ನರಗುಂದದ ಕಡೆಯ ಸವೆದ ನಾಣ್ಯ, ಗಜೇಂದ್ರಗಡದ ಗುಡ್ಡದ ತುಕ್ಕು ಹಿಡಿದ ತೋಪಿನ ಗುಂಡು. ಹೋಗುವಾಗ ಜೋಳ, ಬರುವಾಗ ಕಲ್ಲು. ಪಾಪ, ನಮ್ಮ ಎತ್ತುಗಳ ಹಣೆಬರಹ! ಊರವರು ಮಾವನನ್ನು ಕಲ್ಲಿನ ಹುಚ್ಚ ಎನ್ನುತ್ತಿದ್ದರು. ನಾನು ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ಅಷ್ಟೆ.

ನನ್ನ ಸಿಟ್ಟು ಹಿಟ್ಟಿನದು. ಕಲ್ಲಿನ ಮೇಲಿನ ಅಕ್ಷರ ಕಾಣಲೆಂದು ಅವರು ಜೋಳದ ಹಿಟ್ಟು ತಿಕ್ಕುತ್ತಿದ್ದರು. ಗೆರೆಗಳಲ್ಲಿ ಹಿಟ್ಟು ಕೂತು ಅಕ್ಷರ ಬೆಳ್ಳಗೆ ಎದ್ದು ಬರುತ್ತಿತ್ತು. ನಸುಕಿನಲ್ಲಿ ಎದ್ದು ಬೀಸಿದವಳು ನಾನು, ಉಣ್ಣುವುದು ಕಲ್ಲು!

ಆದರೆ ಅವರು ಆಸೆಪಟ್ಟ ಒಂದು ಕಲ್ಲು ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದು ಪಕ್ಕದ ಮನೆಯ ಮುದುಕಿಯ ಹಗೇವಿನ ಮೇಲಿತ್ತು. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಕುಣಿ. ಅದರ ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಾರೆ. ಆ ಚಪ್ಪಡಿಯ ಒಳಮಗ್ಗುಲಿಗೆ ಅಕ್ಷರಗಳಿವೆ, ಅಕ್ಷರ ತುಳಿಯಬಾರದೆಂದು ಹಿರಿಯರು ಬೋರಲು ಹಾಕಿದ್ದಾರೆ ಎಂದು ಮುದುಕಿಗೆ ಅವಳ ಅತ್ತೆ ಹೇಳಿದ್ದಳಂತೆ. ಮಾವನ ಕಣ್ಣಿಗೆ ಪೊರೆ ಬರುತ್ತಿತ್ತು. ಬಾಗಿಲಲ್ಲಿ ನಿಂತವರನ್ನು ದನಿಯಿಂದ ಗುರುತಿಸುವ ಹಂತಕ್ಕೆ ಆಗಲೇ ಬಂದಿದ್ದರು. ಕಣ್ಣು ಹೋಗುವುದರೊಳಗೆ ಆ ಕಲ್ಲು ಓದಬೇಕೆಂಬುದೇ ಅವರ ಧ್ಯಾನ.

“ಯಕ್ಕಾ, ಒಮ್ಮಿ ಮಗಚಿ ನೋಡ್ತೀನಿ, ಮತ್ತ ಹಾಂಗ ಮುಚ್ಚಿಸ್ತೀನಿ.”

“ಹಗೇವು ಅಂದ್ರ ಡಬ್ಬಿ ಮುಚ್ಚಳ ಏನೋ ತಮ್ಮಾ? ಗಾಳಿ ಹೊಕ್ರ ಜ್ವಾಳ ಕೆಡತಾವ. ಮೊಮ್ಮಗಳ ಮದಿವಿಗೆ ತಗೀತೀನಿ, ಆವಾಗ ಬಾ.”

ಮೊಮ್ಮಗಳಿಗೆ ಇನ್ನೂ ವರ ಗೊತ್ತಾಗಿರಲಿಲ್ಲ. ಮಾವನೇ ವರ ಹುಡುಕಲು ಹೊರಟರು! ಸಂತೆ ಸಂತೆ ತಿರುಗಿ, ಕಲ್ಲು ಹುಡುಕುವಷ್ಟೇ ಶ್ರದ್ಧೆಯಿಂದ ಹುಡುಕಿ, ಚಲೋ ಮನೆತನದ ಹುಡುಗನನ್ನೇ ತಂದರು.

ಹಗೇವು ತೆಗೆದ ದಿನ ಓಣಿಯೆಲ್ಲ ಸೇರಿತ್ತು. ಆಳುಗಳು ಚಪ್ಪಡಿ ಮಗುಚಿದರು. ಮಾವ ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿದರು. ಬಗ್ಗಿದವರು ಹಾಗೆಯೇ ಉಳಿದರು.

“ಯವ್ವಾ, ಏನೂ ಕಾಣವಲ್ದು.”

ನಮ್ಮ ಮನೆಗೆ ಓಡಿ, ಇದ್ದ ಹಿಟ್ಟನ್ನೆಲ್ಲ ಮೊರಕ್ಕೆ ಸುರುವಿಕೊಂಡು ಬಂದು ನಾನೇ ತಿಕ್ಕಿದೆ. ನಿನ್ನೆ ಕೊರೆದಂತೆ ಸಾಲು ಸಾಲು ಅಕ್ಷರಗಳು ಎದ್ದವು. ಆ ಬಿಳುಪನ್ನು ಅವರ ಕಣ್ಣು ಹಿಡಿಯಿತು. ಬೆರಳಾಡಿಸುತ್ತ, ತಡವರಿಸುತ್ತ ಓದಿದರು. ಯಾರೋ ಒಬ್ಬ ರೈತ ಕೆರೆಗೆಂದು ತನ್ನ ಹೊಲ ಬಿಟ್ಟುಕೊಟ್ಟಿದ್ದ. ಕೊನೆಯ ಸಾಲಿನಲ್ಲಿ ನಮ್ಮ ಊರಿನ ಹೆಸರು! ದಿನಾ ಬಾಯಲ್ಲಿ ಆಡುವ ಅದೇ ಹೆಸರು. ಕಲ್ಲಿನ ಹುಚ್ಚ ಎಂದವರೂ ರುಮಾಲು ತೆಗೆದು ನಿಂತರು.

ಮುದುಕಿಯ ಮನಸ್ಸು ಕರಗಿತು. “ಒಯ್ಯೋ ತಮ್ಮಾ, ನಿಂದ ಇದು. ನಾ ಬ್ಯಾರೆ ಕಲ್ಲು ಹಾಕಸ್ತೀನಿ.”

ಮಾವ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

“ಬ್ಯಾಡ ಯಕ್ಕಾ. ನಾ ತಂದಿದ್ದೆಲ್ಲಾ ಮಳಿ ಬಿಸಲಿಗೆ ಸವದದ್ದು. ಇದನ್ನ ನಿಮ್ಮ ಹಿರ್ಯಾರು ಬೋರಲ ಹಾಕಿ ಉಳಿಸ್ಯಾರ. ಹಾಂಗ ಹಾಕಸು.”

ಅಷ್ಟು ಹಂಬಲಿಸಿದ್ದನ್ನು ಅವರು ಮತ್ತೆ ಕತ್ತಲೆಗೇ ಮುಚ್ಚಿಸಿದರು. ಅಂಥ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಈಗ ಹಗೇವು ಯಾರೂ ತುಂಬುವುದಿಲ್ಲ. ಅದರ ಮೇಲೆ ಓಣಿಯ ದಾರಿಯಾಗಿದೆ. ಆ ಜಾಗ ಬಂದಾಗ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಬದಿಗೆ ಸರಿದು ನಡೆಯುತ್ತೇನೆ. ಮೊಮ್ಮಕ್ಕಳು ನಗುತ್ತವೆ. ನಗಲಿ, ಕಲ್ಲಿನ ಹುಚ್ಚು ಈ ಮನೆಗೆ ಹೊಸದಲ್ಲ.